ಕೈಗಡ

ನಮ್ಮ ಕಡೆ ಚಾವಿಗೆ ಕೀಲಿಕೈ ಅಂತಾರ.
ಕಬ್ಬಿಣಕ್ಕೂ ಒಂದು ಕೈ ಕೊಟ್ಟ ದೇವರು
ನನಗ ಎರಡು ಕೊಡೂ ಮುಂದ
ಯಾರ ಜೋಡಿ ಮಾತಿಗೆ ಕುಂತಿದ್ದನೋ.
ಇವು ಅದಾವ, ಬೆರಳು ಹತ್ತೂ ಅದಾವ,
ಹೇಳಿದ್ದು ಕೇಳೂದಿಲ್ಲ ಅಷ್ಟ.
ಗುಡ್ಡದ ಕಡೆ ಹೋಗು ಅಂದ್ರ ಕೆರಿ ಕಡೆ ಹೊಂಡತಾವ,
ಚಾದ ಕಪ್ಪು ತುಟಿಗಿಂತ ಮೊದಲು
ಸೀರಿ ಮುಟ್ಟತೈತಿ.

ಮೂವತ್ತಾರು ವರ್ಷ ಅಣ್ಣನ ಪಡಸಾಲ್ಯಾಗ ಕುಂತೆ.
ಉಣಿಸಿದರು, ಉಡಿಸಿದರು, ಸುಳ್ಳು ಹೇಳಬಾರದು.
ಯಾವಾಗ ಉಣತಿ, ಯಾವ ಬಣ್ಣದ್ದು ಉಡತಿ
ಅಂತ ಮಾತ್ರ ಯಾರೂ ಕೇಳಲಿಲ್ಲ.

ಗುಳೇದಗುಡ್ಡದ ಬಣಗಾರ ಓಣ್ಯಾಗ
ಖೋಲಿ ಹಿಡಿದೆ, ತಿಂಗಳಿಗೆ ಒಂಬೈನೂರು.
ಅಣ್ಣ ಸಿಟ್ಟಿಗೆದ್ದ: ಮಂದಿ ಏನಂದಾರು?
ಮಂದಿ ಏನಂದ್ರು, ಹೇಳತೀನಿ.

ಮೊದಲ ದಿನ ಎಲ್ಲಾರೂ ಬಂದ್ರು.
ಎರಡನೇ ದಿನಾನೂ ಎಲ್ಲಾರೂ ಬಂದ್ರು,
ಬಾಗಿಲು ಬಡೀದ, ಡಬ್ಬಿ, ಗಿಂಡಿ, ಮರುಕ ಹೊತಗೊಂಡು.
ರಾಜಬಿ ನನ್ನ ಬಾಯಿ ಒರಸಿದಳು;
ನಾ ಇನ್ನೂ ಉಣ್ಣಾಕ ಹತ್ತಿದ್ದೆ.
ಮೂರನೇ ದಿನ ಕೂಡಿಸಿ ಹೇಳಿದೆ.
ನನ್ನ ಮಾತು ತೊಡರತೈತಿ, ತಡಾ ಆತು, ಕಾದರು.
ಪುಣ್ಯಾ ಬ್ಯಾಡ್ರಿ. ಕೈಗಡ ಕೊಡ್ರಿ.
ನೆನಪಿಟ್ಟು ತೀರಸತೀನಿ.

ಹಂಗಾಗಿ ಈಗ ಲೆಕ್ಕ ಐತಿ.
ದಿನಾ ಎರಡು ಕೊಡ ನೀರು ರಾಜಬಿದು,
ಅಕಿ ಮಗಳ ಬೀಜಗಣಿತ ನಂದು.
ಚನ್ನವ್ವ ಜಡಿ ಹಾಕತಾಳ, ಅರ್ಧ ತಾಸು;
ಅಕಿ ಗಂಡನ ಪಗಾರ ನಾ ಎಣಸತೀನಿ.
ಕಳದ ತಿಂಗಳು ಸಾಹುಕಾರ
ಎರಡು ಖಣದ ರೊಕ್ಕ ಮುರಕೊಂಡಿದ್ದ.
ಲೆಕ್ಕಾ ಬಿಡಿಸಿ ಹೇಳಿದೆ, ಇದಽ ತೊಡರು ನಾಲಿಗಿಲೆ.
ಕೇಳಾಕ ಅವಗ ಹತ್ತು ಮಿನಿಟ ಬೇಕಾತು,
ಕೊಡಾಕ ಒಂದಽ.

ಗ್ವಾಡಿ ಆಚೆ ಮಲಕಾಜಪ್ಪನ ಕೈಮಗ್ಗ.
ಅವನ ಜೋಡಿ ಕರಾರು ಬ್ಯಾರೆ:
ಮುಂಜಾನೆ ಆರಕ್ಕ ನನ್ನ ರೇಡಿಯೋ ಕೇಳಿಸಿದ್ರ ಬರೂದಿಲ್ಲ,
ಕೇಳಿಸದಿದ್ರ ಬರೂದು.
ಬರೂದು ಅವಗ ಬರತಿತ್ತು.
ಬರದಽ ಇರೂದು ಕಲಿಯಾಕ
ಎರಡು ತಿಂಗಳು ಹಿಡೀತು ಪಾಪ.

ಒಂದು ರಾತ್ರಿ ಬಿದ್ದೆ.
ಫರಸಿ ತಣ್ಣಗ, ಎಲುಬಿನತನಕ.
ಅಣ್ಣನ ಮನಿ ಗಾದಿ ನೆನಪಾತು,
ಯಾರೂ ಇಲ್ಲಂತ ಜೋರಾಗೇ ಅತ್ತೆ.
ನಸುಕಿನ್ಯಾಗ ಆ ಕಡೆ ಮಗ್ಗ ಸುರು ಆತು,
ಟಕ್ ಟಕ್, ಟಕ್ ಟಕ್.
ಆರು ಹೊಡೀತು.
ಆರೂ ಹತ್ತು.
ಲಾಳಿ ನಿಂತಿತು.

ಬಂದ, ಎತ್ತಿ ಕುಂದರಿಸಿದ,
ಯಾಕ ಏನು ಅನಲಿಲ್ಲ.
ರೇಡಿಯೋ ಹಚ್ಚಿ
ಹೊಳ್ಳಿ ಹೋಗಿ ಕುಣ್ಯಾಗ ಇಳದ.

ಅಲ್ಲೀತನಕ ನನ್ನ ಬಾಗಿಲಿಗೆ ಬರೇ ಒಂದು ಕಲ್ಲು.
ಬಡಗೇರ ಮೌನೇಶ ಕೀಲಿ ಕೂಡಿಸಿದ,
ಮಲಕಾಜಪ್ಪನ ಮುರಕಾ ಲಾಳಿ ಇಸಗೊಂಡು
ಕೀಲಿಕೈಗೆ ಹಿಡಿಕಿ ಮಾಡಿದ.
ಮೊಣಕೈಲೆ ಒತ್ತು, ಬೆಹನ್, ತಿರಗತೈತಿ ಅಂದ್ಲು ರಾಜಬಿ,
ಅಕ್ಕಾ ಅನ್ನಾಕ ಹೋಗಿ.
ತಿರಗಿತು.
ಎರಡನೇ ಕೀಲಿಕೈ ಯಾರ ಹಂತೇಕ ಇಡೂಣು
ಅಂತ ನನ್ನ ಕೇಳಿದ್ರು.

ಮೊನ್ನೆ ಸಂತಿಗೆ ಬಂದ ಅಣ್ಣ ಬಾಗಿಲು ಬಡದ.
ಓಣಿ ಎಲ್ಲಾ ಕಟ್ಟಿ ಮ್ಯಾಲೆ ಕುಂತು ನೋಡತಿತ್ತು,
ತಗೀಯಾಕ ಒಬ್ಬರೂ ಏಳಲಿಲ್ಲ.
ತಡಿ, ಬಂದೆ, ಅಂದೆ.
ಲಾಳಿ ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು.
ಹೊರಗ ಅವಾ ಕೆಮ್ಮಿದ,
ಚಪ್ಪಲಿ ಬಿಟ್ಟ ಸಪ್ಪಳ.

ಒಳಗ ಬಂದು ಸುತ್ತೆಲ್ಲ ನೋಡಿದ,
ಹಗ್ಗದ ಮ್ಯಾಲೆ ನನ್ನ ಕೆಂಪು ಸೀರಿ ನೋಡಿದ.
ಚಾ ಕುಡೀತಿ? ಅಂದೆ.
ಹೂಂ ಅಂದ, ತೆಳ್ಳಗ.
ಹಂಗಾರ ಸ್ಟೋ ಅಲ್ಲೈತಿ, ನೀನಽ ಮಾಡು,
ನನಗೂ ಅರ್ಧಾ ಕಪ್ಪು.
ನಿನ್ನ ಹೆಸರಿಗೆ ಹಚ್ಚಿಕೋತೀನಿ.