ಕೊನೆಯ ಕಂತಿನ ಮರುದಿನ

ಉಪ್ಪಳ ಗೇಟಿನ ಹತ್ತಿರದ ಬೀಡಿ ಬ್ರಾಂಚಿನಲ್ಲಿ
ಇವತ್ತು ಕಟ್ಟು ಎಣಿಸುವವರಿಲ್ಲ.
ಎಲ್ಲರಿಗೂ ಆ ಬಂಗಲೆಯದೇ ಚಿಂತೆ.

ಇನ್ನೂರ ಹನ್ನೆರಡು ಕಂತು ಕಾಯಿಸಿ
ಸುಟ್ಟೇಬಿಟ್ಟರಲ್ಲ, ಬಿಳಿ ಗೌನಿನ ಹುಡುಗಿಯನ್ನು,
ಅವಳ ಕನ್ನಡಿ ಸಮೇತ!

"ನಮ್ಮಲ್ಲಿ ಕರೆಂಟಿರಲಿಲ್ಲ, ಹೇಳಬೇಡಿ"
ಮಿಸ್ರಿಯಾ ಕಿವಿ ಮುಚ್ಚಿಕೊಂಡಳು.
ಹೇಳಿಯೇ ಬಿಟ್ಟೆವು.
ಹಿಲ್ಡಾಬಾಯಿಗೆ ಇನ್ನೂ ಸಿಟ್ಟು:
ಆ ಪಾದ್ರಿ ಓಡಿಹೋದದ್ದು ಯಾಕೆ?
ಸೀರಿಯಲ್ ನೋಡುವುದೇ ಇಲ್ಲವೆನ್ನುವ ಚೆಕ್ಕರ್ ಕುಂಞಿರಾಮ
ತಕ್ಕಡಿ ಹಿಡಿದವನು ಹಾಗೇ ನಿಂತು,
"ಮತ್ತೆ, ಕಿಟಕಿಯಲ್ಲಿ ಕಂಡ ಕೈ ಯಾರದ್ದು?"

ಜಲಜಕ್ಕ ಮಾತ್ರ
ತೂತಿನ ಎಲೆ ಆರಿಸಿ ತೆಗೆಯುತ್ತಲೇ ಇದ್ದರು.
"ಹದಿನೇಳಕ್ಕೆ ಸತ್ತವಳು.
ಬೆಂಕಿ ಕೊಡುವುದಾ ಅವಳಿಗೆ?
ಅಷ್ಟು ದೊಡ್ಡ ಮನೆ, ಒಬ್ಬರಿಗಾದರೂ
ಒಂದು ಗಂಡು ನೋಡುವ ಅಂತ ತೋಚಲಿಲ್ಲವಲ್ಲ.
ನಮ್ಮ ಕುಸುಮನಿಗೆ ನಾವು ನೋಡಲಿಲ್ಲವಾ?
ಬಾಯಾರು ಕಡೆಯವನು,
ಅವನೂ ಹೋಗಿ ಒಂಬತ್ತು ವರ್ಷ ಆಗಿತ್ತು.
ಆಟಿ ತಿಂಗಳು, ರಾತ್ರಿ.
ಸೀರೆ, ಕರಿಮಣಿ, ಎರಡು ಬಾಳೆಲೆಗೆ ಬಡಿಸಿದೆವು.
ಬೀಗರು ಈಗಲೂ ಬಂದು ಹೋಗಿ ಮಾಡುತ್ತಾರೆ.
ಒಳ್ಳೆಯ ಜನ."

ತಕ್ಕಡಿ ಒಂದು ಕಡೆಗೆ ವಾಲಿತು.
ಮಿಸ್ರಿಯಾ ಮೆಲ್ಲಗೆ ಕೇಳಿದಳು,
ಕುಸುಮ ಹೋಗುವಾಗ ಎಷ್ಟು ಪ್ರಾಯ?

"ನಾಲ್ಕು," ಎಂದರು ಜಲಜಕ್ಕ.
"ಆಮೇಲೆ ಅಲ್ಲಿಯೇ ಬೆಳೆದಳು."