ಭಾರದ ಮೂಳೆ

ನಮ್ಮದು ಭಾರದ ಮೂಳೆ, ಅಂದಿದ್ದಳು ಅಜ್ಜಿ,
ಒಣಮೀನಿನ ಚೀಲ ಹೊಲಿಯುತ್ತ,
ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.
ನಾವು ತೇಲುವ ಕುಲದವರಲ್ಲ.
ನಿನ್ನ ಚಿಕ್ಕಪ್ಪ ಮುಳುಗಿದ್ದು ಅಲೆಯಿಂದಲ್ಲ,
ಕುಡಿತದಿಂದಲೂ ಅಲ್ಲ, ಜನ ಏನೇ ಆಡಿಕೊಳ್ಳಲಿ.
ಮೂಳೆ ಎಳೆದುಕೊಂಡು ಹೋಯಿತು.

ಆಗ ನನಗೆ ಏಳು. ಅರಾಲ್ ಸಮುದ್ರ
ನಮ್ಮ ಹಿತ್ತಲಿಂದ ಒಂದು ಕೂಗಳತೆ.
ನಂಬಿದೆ.
ಗೆಳತಿಯರೆಲ್ಲ ಕಟ್ಟೆಯಿಂದ ಧುಮುಕುವಾಗ
ದಡದಲ್ಲಿ ಅವರ ಚಪ್ಪಲಿ ಕಾದೆ.
ಒಂದು ಜೊತೆಯೂ ಕಳೆಯಲಿಲ್ಲವೆಂದು ಹೆಸರೂ ಬಂತು.

ಆಮೇಲೆ ಸಮುದ್ರವೇ ಎದ್ದು ಹೋಯಿತು.
ಮೊದಲು ಒಂದು ಹೊಲದಷ್ಟು,
ಬರಬರುತ್ತ ಒಂದು ಹಗಲಿನ ನಡಿಗೆಯಷ್ಟು.
ದೋಣಿಗಳು ಮರಳಿನಲ್ಲಿ ಮಂಡಿಯೂರಿದವು,
ಅವುಗಳ ನೆರಳಿಗೆ ಒಂಟೆಗಳು ಬಂದವು.
ಊರೆಲ್ಲ ಅತ್ತಿತು. ನಾನೂ ಅತ್ತೆ.
ಆದರೆ ಒಳಗೆಲ್ಲೋ, ಯಾರಿಗೂ ಹೇಳಬೇಡಿ,
ಒಂದು ನೆಮ್ಮದಿ:
ಇನ್ನು ನನ್ನನ್ನು ಪರೀಕ್ಷೆ ಮಾಡಲು ನೀರೇ ಇಲ್ಲ.

ಹಾಗೆಂದು ಆ ಮೂಳೆಯನ್ನು ಬೈಯಲಾರೆ,
ಅದರ ಋಣವೂ ಇದೆ.
ಸಮುದ್ರ ಹೋದಮೇಲೂ ನಮ್ಮ ಡಬ್ಬಿ ಕಾರ್ಖಾನೆ ನಡೆಯಿತು,
ಎಲ್ಲಿಂದಲೋ ರೈಲಿನಲ್ಲಿ ಬರುತ್ತಿತ್ತು ಹೆಪ್ಪುಗಟ್ಟಿದ ಮೀನು.
ತೂಕದ ಲೆಕ್ಕ ತಿದ್ದು ಎಂದು
ಮೇಲಿನವನು ಮೇಜು ಗುದ್ದಿದ ದಿನ
ನಿಂತಲ್ಲೇ ನಿಂತಿದ್ದೆ.
ತಳ್ಳಿ ನೋಡು, ನಿನ್ನ ಕೈಯೇ ನೋಯುತ್ತದೆ.
ಗಂಡ ಒರೆನ್‌ಬರ್ಗಿನ ರೈಲು ಹತ್ತಿದವನು
ಅಲ್ಲೇ ಉಳಿದುಬಿಟ್ಟ ಚಳಿಗಾಲ,
ಉಪ್ಪುದೂಳಿನ ಗಾಳಿಗೆ ಬೆನ್ನು ಕೊಟ್ಟು
ಇಬ್ಬರು ಮಕ್ಕಳನ್ನು ಬಗಲಿಗೊತ್ತಿ ನಡೆದೆ.
ಹಗುರದವಳಾಗಿದ್ದರೆ
ಆ ಗಾಳಿ ನನ್ನನ್ನು ಎಲ್ಲಿ ಒಗೆಯುತ್ತಿತ್ತೋ.

ಈಗ ಅರವತ್ತನಾಲ್ಕು. ಮಗಳ ಜೊತೆ ಅಕ್ತೌನಲ್ಲಿ,
ಬೀದಿಗೆ ಹೆಸರಿಲ್ಲದ, ಬರೀ ಅಂಕಿಗಳ ಊರು,
ಕಿಟಕಿಯ ತುಂಬ ಇನ್ನೊಂದು ಸಮುದ್ರ.
ಮೊಮ್ಮಗಳು ತೊಲ್ಗನಾಯ್ ಹಟ ಹಿಡಿದು
ಮಂಗಳವಾರದ ಈಜಿಗೆ ನನ್ನ ಹೆಸರು ಬರೆಸಿದಳು.

ಕಲಿಸುವವಳು ರಿಮ್ಮಾ, ಗಂಟಲಲ್ಲಿ ಸದಾ ನೆಗಡಿ.
ವೈದ್ಯರಿಗೆ ಹಳೆಯ ಕಾಯಿಲೆ ಹೇಳುವಂತೆ ಹೇಳಿದೆ:
ನಮ್ಮದು ಭಾರದ ಮೂಳೆ.
ಅವಳು ನಗಲಿಲ್ಲ.
ಭಾರದ ಮೂಳೆಯವರು ಆ ಮೂಲೆಗೆ, ಅಂದಳು,
ಕಂಬಿಯ ಹತ್ತಿರ.

ಅಲ್ಲಿ ಆಗಲೇ ನಾಲ್ವರಿದ್ದರು.
ಒಬ್ಬಳ ಕುಲಕ್ಕೆ ನೀರು ಆಗಿಬರದಂತೆ,
ಒಬ್ಬಳಿಗೆ ಜಾತಕದವಳ ಮಾತು,
ಇನ್ನಿಬ್ಬರದು ನನ್ನದೇ, ಮೂಳೆ.
ರಬ್ಬರ್ ಟೋಪಿಯೊಳಗಿಂದ ಒಬ್ಬರನ್ನೊಬ್ಬರು ನೋಡಿದೆವು,
ಆಸ್ತಿ ಪಾಲಿಗೆ ಬಂದ ದಾಯಾದಿಗಳ ಹಾಗೆ.

ನನ್ನ ತಲೆಯಡಿ ರಿಮ್ಮಾಳ ಅಂಗೈ.
ಕಿವಿಗೆ ನೀರು ತುಂಬಿತು.
ನೀರೊಳಗೆ ಅಜ್ಜಿ ದಾರ ಕಡಿದ ಸದ್ದು.
ಚಾವಣಿಯಲ್ಲಿ ಒಂದು ಟ್ಯೂಬ್‌ಲೈಟ್
ಹತ್ತಲೋ ಬೇಡವೋ ಎನ್ನುತ್ತಿತ್ತು.
ಅದನ್ನೇ ನೋಡುತ್ತಿದ್ದೆ.
ಕೈ ಯಾವಾಗ ಸರಿಯಿತೋ ತಿಳಿಯಲಿಲ್ಲ.

ಸಂತೋಷವಾಯಿತು ಅಂದುಕೊಂಡಿರಾ?
ಸಿಟ್ಟು ಬಂತು.
ಇಷ್ಟೇನಾ? ಇಷ್ಟಕ್ಕೇ
ಅಷ್ಟು ಬೇಸಿಗೆ, ಅಷ್ಟು ಜೊತೆ ಚಪ್ಪಲಿ?
ಅಜ್ಜಿಯನ್ನು ಎಬ್ಬಿಸಿ ಕೇಳಬೇಕೆನಿಸಿತು.
ಆಮೇಲೆ ಹೊಳೆಯಿತು, ಅವಳ ಮಗ
ಅಂದು ಕುಡಿದಿದ್ದನೆಂದು
ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ
ಮೂಳೆಯ ಮೇಲೆ ಹಾಕಿದ್ದಳು.

ಮನೆಗೆ ಮರಳುವಾಗ ಕ್ಯಾಸ್ಪಿಯನ್ ಗಾಳಿ ಎದ್ದಿತ್ತು.
ಒದ್ದೆ ಕೂದಲು, ಕೈಯಲ್ಲಿ ಚೀಲ,
ಎದೆಯಲ್ಲಿ ಹೊಸ ಪುಕ್ಕಲು:
ತೇಲುವವಳು ನಿಲ್ಲಬಲ್ಲಳೇ?
ಮೂರು ಗಾಳಿ ಸೇರುವ ತಿರುವಿನಲ್ಲಿ
ಬೇಕೆಂದೇ ಒಂದು ನಿಮಿಷ ನಿಂತೆ.
ಚೀಲ ಹಾರಾಡಿತು.
ನಾನಿದ್ದೆ.
ಯಾವ ಮೂಳೆ ನಿಲ್ಲಿಸಿತೋ, ಕೇಳಲು ಹೋಗಲಿಲ್ಲ.

ರಾತ್ರಿ ತೊಲ್ಗನಾಯ್‌ಳ ಕೋಟಿಗೆ ಗುಂಡಿ ಹಾಕುತ್ತಿದ್ದೆ.
ಪಕ್ಕಕ್ಕೆ ಬಂದು ಕೂತಳು.
ಅಜ್ಜಿ, ನಮ್ಮ ಮೂಳೆ ನಿಜವಾಗಿಯೂ ಭಾರವಾ?

ನನ್ನ ಹಲ್ಲಿನಲ್ಲಿ ದಾರವಿತ್ತು.
ಮೊದಲು ಅದನ್ನು ತೆಗೆದೆ.