ಸೀಸದ ಲೆಕ್ಕ

ಮೊದಲು ಮರೆತದ್ದು ಹೈಡ್ರೋಮೀಟರಿನ ಹೆಸರು.
ಕೈಯಲ್ಲೇ ಇತ್ತು. ಗಾಜಿನೊಳಗಿನ ತೇಲು
ಹಸಿರು ಗೆರೆಯ ಹತ್ತಿರ ಕುಣಿಯುತ್ತಿತ್ತು.
"ಅದೇ ಮಾರಾಯ, ಅದು, ಆಸಿಡ್ ಅಳೆಯೋದು" ಅಂದೆ.
ಜಬೀವುಲ್ಲಾ ನಕ್ಕ. ನಾನೂ ನಕ್ಕೆ.
ನಗು ಮುಗಿದ ಮೇಲೂ ಎದೆ ಮಾತ್ರ
ಸೆಲ್ಫ್ ಹೊಡೆಯುತ್ತಲೇ ಇತ್ತು,
ಸ್ಟಾರ್ಟ್ ಆಗದ ಲಾರಿಯ ಹಾಗೆ.

ಅದಕ್ಕೆ ನಾಲ್ಕು ತಿಂಗಳ ಹಿಂದೆ
ತುಂಗೆಯ ಸೇತುವೆ ಇಳಿಯುವಲ್ಲಿ ಬಿದ್ದಿದ್ದೆ.
ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲೆ ಕ್ಷೇಮವಾಗಿತ್ತು.
ಮೆಗ್ಗಾನಿನಲ್ಲಿ ಆರು ಹೊಲಿಗೆ, ಮೂರು ರಾತ್ರಿ.
ಸಣ್ಣ ಪೆಟ್ಟು, ಏನಿಲ್ಲ, ಅಂದರು.
ಆ ಸಣ್ಣ ಪೆಟ್ಟು ನನ್ನ ಜೊತೆಗೇ ಮನೆಗೆ ಬಂತು.
ಟ್ಯೂಬ್‌ಲೈಟ್ ಆರಿಸಿ ಅಂತು.
ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡಿತು.
ರಾತ್ರಿ ಮೂರಕ್ಕೆ ನನ್ನನ್ನು ಎಬ್ಬಿಸಿ
ಏನೋ ಆಗುತ್ತೆ, ಏನೋ ಆಗುತ್ತೆ, ಅನ್ನುತ್ತಿತ್ತು.
ಏನು ಅಂತ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

ವನಜಾಕ್ಷಿಗೆ ಒಬ್ಬನೇ ಕಳ್ಳ ಬೇಕಿತ್ತು.
ಒಂದು ವಾರ ಸೇತುವೆಯನ್ನು ಬೈದಳು.
ಆಮೇಲೆ ಗುಟ್ಕಾ. ಆಮೇಲೆ ಬನ್ನು-ಟೀಯಲ್ಲೇ
ಮಧ್ಯಾಹ್ನ ದೂಡುವ ನನ್ನ ಹೊಟ್ಟೆ.
ಅವರಮ್ಮ ದೃಷ್ಟಿ ಅಂತ ಮೆಣಸಿನಕಾಯಿ ಸುಟ್ಟರು;
ಘಾಟು ಬರಲಿಲ್ಲ, ಕೇಸು ಗೆದ್ದರು.

ಹೊಸ ಡಾಕ್ಟರು, ಇನ್ನೂ ಚಿಕ್ಕ ಹುಡುಗಿ,
ನನ್ನ ಉಗುರು ನೋಡಿ, ಏನು ಕೆಲಸ, ಅಂದಳು.
ವರ್ಷವಿಡೀ ಯಾರೂ ಕೇಳದ ಪ್ರಶ್ನೆ.
ಹೇಳಿದೆ: ಹಳೇ ಬ್ಯಾಟರಿ ಒಡೆಯೋದು, ಪ್ಲೇಟು ಬಿಡಿಸೋದು,
ಬಾಣಲೆಯಲ್ಲಿ ಸೀಸ ಕರಗಿಸಿ ಟರ್ಮಿನಲ್ ಎರೆಯೋದು.
ಆಟೋ ಕಾಂಪ್ಲೆಕ್ಸಿನಲ್ಲಿ ಇಪ್ಪತ್ತೆರಡು ವರ್ಷ.
ಹೊಗೆ ನಾಲಿಗೆಗೆ ಒಂಚೂರು ಸಿಹಿ.
ಸಿಹಿ ಅಂದಾಗ ಅವಳ ಪೆನ್ನು ನಿಂತಿತು.

ನಾನು ಕಾಣದ ಮಣಿಪಾಲವನ್ನು ನನ್ನ ರಕ್ತ ಕಂಡು ಬಂತು.
ನಲವತ್ತೊಂದು.
ಕಬ್ಬಿಣ ಕೂರುವ ಜಾಗ ಖಾಲಿ ಇದ್ದರೆ
ಸೀಸ ಬಂದು ಕೂರುತ್ತೆ, ಅಂದಳು.
ಸಾಗರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗಾ?
ಹಾಗೇ. ಊಟ ಸರಿಯಾಗಿ ಮಾಡಿ, ಸೀಟು ತುಂಬಿಸಿ.
ಹಾಗಾದರೆ ಈ ಭಯ ಪೆಟ್ಟಿನದೋ, ಸೀಸದ್ದೋ, ಹಸಿವಿನದೋ?
ಬೇರೆ ಬೇರೆ ತೂಗಕ್ಕೆ ಬರಲ್ಲ, ಅಂದಳು.
ತೂಕದ ಮೇಲೇ ಬದುಕಿದವನು ನಾನು.
ಗುಜರಿಯಲ್ಲಿ ಸೀಸಕ್ಕೊಂದು ರೇಟು, ಪ್ಲಾಸ್ಟಿಕ್ಕಿಗೊಂದು.

ರಾಗಿ ಬಂತು. ನುಗ್ಗೆಸೊಪ್ಪು ಬಂತು.
ನೆನಪಿಗೆ ಒಳ್ಳೇದು ಅಂತ ವನಜಾಕ್ಷಿ ಒಂದೆಲಗದ ತಂಬುಳಿ ಮಾಡಿ
ಬಡಿಸುವುದನ್ನೇ ಮರೆತಳು.
ಅವತ್ತು ಇಬ್ಬರೂ ನಿಜವಾಗಿ ನಕ್ಕೆವು.

ಡಾಕ್ಟರು ಎದ್ದು ಹೋಗುವವನನ್ನು ಕರೆದು ಕೇಳಿದ್ದಳು:
ಮನೆಯಲ್ಲಿ ಮಗು ಇದೆಯಾ?

ಇಂಚರ. ಆರು ವರ್ಷ. ದಿನಾ ಸಂಜೆ ಓಡಿ ಬಂದು
ನನ್ನ ಖಾಕಿ ಅಂಗಿಗೆ ಮುಖ ಒರೆಸುವವಳು.
ಅವಳ ರಿಪೋರ್ಟಿಗೆ ಒಂಬತ್ತು ದಿನ.
ವಿಚಿತ್ರ, ಆ ಒಂಬತ್ತು ದಿನ ಕೈ ನಡುಗಲಿಲ್ಲ.
ಒಂದು ವರ್ಷ ಊರೆಲ್ಲ ಅಲೆದ ಭಯಕ್ಕೆ
ಕೊನೆಗೆ ಮನೆ ನಂಬರು ಸಿಕ್ಕಿತ್ತು.
ಅಂಗಡಿಯ ನೆಲಕ್ಕೆ ನೀರು ಹೊಡೆದು ಒರೆಸಿದೆ,
ಬಾಣಲೆಯನ್ನು ಗುಜರಿಗೆ ತೂಗಿ ಹಾಕಿದೆ.
ಹೈಡ್ರೋಮೀಟರ್, ಹೈಡ್ರೋಮೀಟರ್,
ದಾರಿಯುದ್ದಕ್ಕೂ ಹೇಳಿಕೊಂಡೆ.

ಎಂಟು.
ಇಳಿಯುತ್ತೆ, ಅಂದಳು ಡಾಕ್ಟರು. ಪೂರ್ತಿನಾ ಅಂತ ಕೇಳಲಿಲ್ಲ.

ಈಗ ಬಾಗಿಲಲ್ಲಿ ಕೈ ಅಡ್ಡ ಹಿಡಿಯುತ್ತೇನೆ.
ನನ್ನ ಸ್ನಾನ ಆಗುವ ತನಕ, ಬಚ್ಚಲಿನ ಹೊರಗೆ ಕೂತು
ಅವಳು ನೂರರವರೆಗೆ ಎಣಿಸಬೇಕು. ಅದು ಒಪ್ಪಂದ.
ಇವತ್ತು ಎಪ್ಪತ್ತೆಂಟಾದ ಮೇಲೆ ಎಂಬತ್ತು ಅಂದಳು.
ಆಟದ ಅವಸರವೋ,
ತಂಬಿಗೆ ನೀರು ತಲೆಗೆತ್ತಿ ಹಾಗೇ ನಿಂತೆ.
ಎಂಬತ್ತೊಂದು, ಎಂಬತ್ತೆರಡು.
ಮೊದಲಿಂದ ಎಣಿಸು ಅನ್ನಲಿಲ್ಲ.